ಆಂಟನಿ ಟ್ರಾಲಪ್

ಆಂಟನಿ ಟ್ರಾಲಪ್ (24 ಏಪ್ರಿಲ್ 1815 – 6 ಡಿಸೆಂಬರ್ 1882) ವಿಕ್ಟೋರಿಯ ಯುಗದ ಪ್ರಮುಖ ಇಂಗ್ಲಿಷ್ ಕಾದಂಬರಿಕಾರರಲ್ಲಿ ಒಬ್ಬ. ನಲವತ್ತೇಳು ಕಾದಂಬರಿಗಳನ್ನೂ ಹಲವು ಪ್ರವಾಸ ಗ್ರಂಥಗಳನ್ನೂ ಸಣ್ಣಕಥೆಗಳನ್ನೂ ಒಂದು ಆತ್ಮಕಥೆಯನ್ನೂ ಬರೆದ ಈತ ಬ್ರಿಟಿಷ್ ಅಂಚೆ ಇಲಾಖೆಯಲ್ಲಿ ಮೂವತ್ಮೂರು ವರ್ಷ ದುಡಿದವನು. 1867ರಲ್ಲಿ, ತನ್ನ 52ನೆಯ ವಯಸ್ಸಿನಲ್ಲಿ, ನಿವೃತ್ತಿ ವೇತನದ ಹಕ್ಕನ್ನು ಬಿಟ್ಟುಕೊಟ್ಟು ನೌಕರಿಗೆ ರಾಜೀನಾಮೆಯಿತ್ತು ಪೂರ್ಣಾವಧಿ ಲೇಖಕನಾದ. ಬಾರ್ಸೆಟ್‌ಶೈರ್ ಎಂಬ ಕಲ್ಪಿತ ಜಿಲ್ಲೆಯ ಆರು ಕಾದಂಬರಿಗಳು ಮತ್ತು ಪ್ಯಾಲಿಸರ್ ಮಾಲೆ ಎಂದು ಹೆಸರಾದ ಆರು ರಾಜಕೀಯ ಕಾದಂಬರಿಗಳು ಈತನ ಕೀರ್ತಿಗೆ ಮುಖ್ಯ ಆಧಾರ.

ಬಾಲ್ಯ

ಟ್ರಾಲಪ್ ಹುಟ್ಟಿದ್ದು ಲಂಡನ್ನಿನಲ್ಲಿ. ತಂದೆ ಥಾಮಸ್ ಆಂಟನಿ ಟ್ರಾಲಪ್ ವಿದ್ಯಾವಂತ ವಕೀಲ. ಆದರೆ ಸಿಡುಕಿನ ಸ್ವಭಾವದಿಂದ ಕಕ್ಷಿದಾರರನ್ನು ಕಳೆದುಕೊಂಡ. ಹ್ಯಾರೋ ಬಳಿ ಗೇಣಿಗೆ ಹಿಡಿದ ಬೇಸಾಯವೂ ಕೈಗೂಡದೆ ಸಾಲದಲ್ಲಿ ಮುಳುಗಿದ. ಸಿರಿವಂತರ ಮಕ್ಕಳು ಓದುವ ಹ್ಯಾರೋ ಮತ್ತು ವಿಂಚೆಸ್ಟರ್ ಶಾಲೆಗಳಲ್ಲಿ ಆಂಟನಿ ಶುಲ್ಕ ಕಟ್ಟಲಾಗದ, ಕೆಸರು ಮೆತ್ತಿದ ಬಟ್ಟೆಯ ಹುಡುಗನಾಗಿ ಅವಮಾನಗಳನ್ನು ನುಂಗಿ ಬೆಳೆದ.

ಸಂಸಾರವನ್ನು ಎತ್ತಿಹಿಡಿದವಳು ತಾಯಿ ಫ್ರಾನ್ಸಿಸ್. ಅಮೆರಿಕದಲ್ಲಿ ಕೈಹಾಕಿದ ವ್ಯಾಪಾರ ನೆಲಕಚ್ಚಿದ ಮೇಲೆ ಈಕೆ ಆ ದೇಶದ ಜನರ ನಡೆನುಡಿಗಳ ಬಗ್ಗೆ ಬರೆದು 1832ರಲ್ಲಿ ಪ್ರಕಟಿಸಿದ ಪುಸ್ತಕ ಜನಪ್ರಿಯವಾಯಿತು. ಆಗ ಆಕೆಗೆ ಐವತ್ತು ದಾಟಿತ್ತು. 1834ರಲ್ಲಿ ಸಾಲಗಾರರ ಕಾಟಕ್ಕೆ ಕುಟುಂಬ ಬೆಲ್ಜಿಯಮ್ಮಿನ ಬ್ರೂಜ್ ಪಟ್ಟಣಕ್ಕೆ ಓಡಿಹೋಗಬೇಕಾಯಿತು. ತಂದೆಯನ್ನು ಹಡಗಿಗೆ ಮುಟ್ಟಿಸಿ ಬಂದ ಆಂಟನಿ ಕಂಡದ್ದು ಮನೆಯ ಸಾಮಾನುಗಳನ್ನು ಜಪ್ತಿ ಮಾಡುತ್ತಿದ್ದ ಅಧಿಕಾರಿಗಳನ್ನು. ಬ್ರೂಜ್‌ನಲ್ಲಿ ಕ್ಷಯರೋಗಿ ಮಗನ ಮತ್ತು ಕುಸಿಯುತ್ತಿದ್ದ ಗಂಡನ ಆರೈಕೆ ಮಾಡುತ್ತಲೇ ತಾಯಿ ರಾತ್ರಿಯೆಲ್ಲ ಕಾದಂಬರಿ ಬರೆದು ಮನೆ ನಡೆಸಿದಳು. ಬರವಣಿಗೆ ಸ್ಫೂರ್ತಿಗಾಗಿ ಕಾಯುವ ಕೆಲಸವಲ್ಲ, ಹೊತ್ತಿಗೆ ಸರಿಯಾಗಿ ಕುಳಿತು ಮಾಡಬೇಕಾದ ದುಡಿಮೆ ಎಂಬ ನಂಬಿಕೆ ಟ್ರಾಲಪ್‌ನಲ್ಲಿ ಬೇರೂರಿದ್ದು ತಾಯಿಯನ್ನು ನೋಡಿ ಎಂದು ಹೇಳಬಹುದು.

ಲಂಡನ್ನಿನ ಗುಮಾಸ್ತ

ಅದೇ 1834ರಲ್ಲಿ, ತಾಯಿಯ ಪರಿಚಿತರ ಮೂಲಕ, ಹತ್ತೊಂಬತ್ತರ ಟ್ರಾಲಪ್‌ಗೆ ಲಂಡನ್ನಿನ ಪ್ರಧಾನ ಅಂಚೆ ಕಚೇರಿಯಲ್ಲಿ ವರ್ಷಕ್ಕೆ 90 ಪೌಂಡ್ ಸಂಬಳದ ಕಿರಿಯ ಗುಮಾಸ್ತನ ಕೆಲಸ ದೊರೆಯಿತು. ಪತ್ರಿಕೆಯ ಕೆಲವು ಸಾಲುಗಳನ್ನು ನಕಲು ಮಾಡಲು ಹೇಳಿದಾಗ ಈತ ಶಾಯಿ ಚೆಲ್ಲಿ ಕಾಗದ ಕೆಡಿಸಿದ. ಮರುದಿನ ಅಂದವಾಗಿ ಬರೆದು ತರುವಂತೆ ಸೂಚನೆಯಾಯಿತು. ತಂದದ್ದನ್ನು ಯಾರೂ ನೋಡಲೇ ಇಲ್ಲ. ಸರ್ಕಾರಿ ನೌಕರಿಗೆ ಸ್ಪರ್ಧಾತ್ಮಕ ಪರೀಕ್ಷೆ ಬಂದಾಗ ಟ್ರಾಲಪ್ ಅದನ್ನು ಕಟುವಾಗಿ ವಿರೋಧಿಸಿದ. ಅಂಥ ಪರೀಕ್ಷೆ ತನ್ನ ಕಾಲದಲ್ಲಿದ್ದರೆ ತಾನು ಒಳಗೆ ಕಾಲಿಡುತ್ತಲೇ ಇರಲಿಲ್ಲ ಎಂಬ ಅರಿವು ಆ ವಿರೋಧದ ಹಿಂದಿತ್ತು.

ಮುಂದಿನ ಏಳು ವರ್ಷ ಈತನ ಬದುಕಿನ ಅತ್ಯಂತ ಕೆಟ್ಟ ಕಾಲ. ಕಚೇರಿಗೆ ತಡವಾಗಿ ಬರುವವನೆಂದೂ ಉದ್ಧಟನೆಂದೂ ಹೆಸರು ಕೆಡಿಸಿಕೊಂಡ, ಸಾಲ ಮಾಡಿದ. ದರ್ಜಿಗೆ ಕೊಡಬೇಕಿದ್ದ ಹನ್ನೆರಡು ಪೌಂಡಿನ ಬಾಕಿ ಬಡ್ಡಿ ವ್ಯಾಪಾರಿಯ ಕೈಸೇರಿ ಇನ್ನೂರು ಪೌಂಡನ್ನು ಮೀರಿ ಬೆಳೆಯಿತು. ಆತ ವಸೂಲಿಗಾಗಿ ಕಚೇರಿಗೇ ಬಂದು ಕುರ್ಚಿಯ ಹಿಂದೆ ನಿಲ್ಲುತ್ತಿದ್ದ. ಕಾದಂಬರಿ ಬರೆಯಬೇಕೆಂಬ ಆಸೆ ಮನಸ್ಸಿನಲ್ಲಿದ್ದರೂ ಒಂದು ಪುಟವೂ ಹೊರಬರಲಿಲ್ಲ.

ಐರ್ಲೆಂಡ್ ಮತ್ತು ಹೊಸ ಜೀವನ

1841ರಲ್ಲಿ ಐರ್ಲೆಂಡಿನ ಬ್ಯಾನಹರ್ ಎಂಬಲ್ಲಿ ಅಂಚೆ ಸರ್ವೇಯರನ ಗುಮಾಸ್ತನ ಹುದ್ದೆ ತೆರವಾಯಿತು. ಅಂಚೆ ಸರ್ವೇಯರ್ ಎಂದರೆ ಒಂದು ಪ್ರಾಂತದ ಅಂಚೆ ಕಚೇರಿಗಳ ತಪಾಸಣಾಧಿಕಾರಿ. ಯಾರಿಗೂ ಬೇಡವಾಗಿದ್ದ ಈ ಕೆಲಸವನ್ನು ಟ್ರಾಲಪ್ ಕೇಳಿ ಪಡೆದ. ಮೇಲಧಿಕಾರಿಗೂ ಈತ ತೊಲಗಿದರೆ ಸಾಕಾಗಿತ್ತು. ಸಂಬಳ ನೂರು ಪೌಂಡೇ ಆದರೂ ಪ್ರಯಾಣ ಭತ್ಯೆ ಸೇರಿ ಆದಾಯ ನಾಲ್ಕು ಪಟ್ಟಾಯಿತು. ಕುದುರೆಯೇರಿ ಹಳ್ಳಿಹಳ್ಳಿ ಸುತ್ತುವುದು, ಜನರ ದೂರು ಕೇಳುವುದು, ಅಂಚೆ ಮಾಸ್ತರರ ಲೆಕ್ಕ ಪರಿಶೀಲಿಸುವುದು, ಇವು ಈತನಿಗೆ ಹಿಡಿಸಿದವು. ಲಂಡನ್ನಿನ ಸೋಮಾರಿ ಗುಮಾಸ್ತ ಒಂದೆರಡು ವರ್ಷಗಳಲ್ಲಿ ದಕ್ಷ ಅಧಿಕಾರಿಯೆನಿಸಿಕೊಂಡ. ಬೇಟೆಯ ಗೀಳು ಹತ್ತಿದ್ದೂ ಅಲ್ಲಿಯೇ. 1844ರಲ್ಲಿ ರೋಸ್ ಹೆಸೆಲ್ಟೈನ್‌ಳನ್ನು ಮದುವೆಯಾದ, ಇಬ್ಬರು ಗಂಡುಮಕ್ಕಳಾದರು.

ಮೊದಲ ಕಾದಂಬರಿ 'ದಿ ಮ್ಯಾಕ್‌ಡರ್ಮಟ್ಸ್ ಆಫ್ ಬ್ಯಾಲಿಕ್ಲೋರನ್' 1847ರಲ್ಲಿ ಹೊರಬಂದಿತು. ಅದನ್ನು ಯಾರೂ ಗಮನಿಸಲಿಲ್ಲ. ಮರುವರ್ಷದ ಎರಡನೆಯ ಕಾದಂಬರಿಯ ನೂರ ನಲವತ್ತು ಪ್ರತಿಗಳಷ್ಟೇ ಮಾರಾಟವಾದವು. ಸಂಬಳ ಬರುತ್ತಿದ್ದುದರಿಂದಲೇ ಈತ ಬರೆಯುವುದನ್ನು ಮುಂದುವರಿಸಬಲ್ಲವನಾದ.

ಕುದುರೆ, ರೈಲು, ಗಡಿಯಾರ

1851ರಲ್ಲಿ ಗ್ರಾಮೀಣ ಅಂಚೆ ಬಟವಾಡೆಯನ್ನು ವ್ಯವಸ್ಥೆಗೊಳಿಸಲು ಟ್ರಾಲಪ್‌ನನ್ನು ಇಂಗ್ಲೆಂಡಿನ ಪಶ್ಚಿಮ ಭಾಗಕ್ಕೆ ಕಳುಹಿಸಲಾಯಿತು. ಅಂಚೆಯವನು ದಿನಕ್ಕೆ ಹದಿನಾರು ಮೈಲಿಗಿಂತ ಹೆಚ್ಚು ನಡೆಯುವಂತಿರಲಿಲ್ಲ. ಆ ಮಿತಿಯೊಳಗೆ ಹೆಚ್ಚು ಮನೆಗಳಿಗೆ ಕಾಗದ ತಲುಪುವ ದಾರಿಗಳನ್ನು ಈತ ತಾನೇ ಕುದುರೆಯ ಮೇಲೆ ಅಳೆದು ಗೊತ್ತುಮಾಡಿದ. ಚಾನೆಲ್ ದ್ವೀಪಗಳ ಪರಿಶೀಲನೆಗೆ ಹೋದಾಗ, ರಸ್ತೆಬದಿಯಲ್ಲಿ ಕಬ್ಬಿಣದ ಪೆಟ್ಟಿಗೆಗಳನ್ನಿಟ್ಟು ಜನ ಅಲ್ಲಿಯೇ ಕಾಗದ ಹಾಕುವಂತೆ ಮಾಡಬೇಕೆಂದು ಶಿಫಾರಸು ಮಾಡಿದ. ಫ್ರಾನ್ಸಿನಲ್ಲಿ ಇಂಥ ಪೆಟ್ಟಿಗೆಗಳು ಅದಾಗಲೇ ಇದ್ದವು. 1852ರ ನವೆಂಬರಿನಲ್ಲಿ ಜರ್ಸಿ ದ್ವೀಪದ ಸೇಂಟ್ ಹೆಲಿಯರ್ ಪಟ್ಟಣದಲ್ಲಿ ಪ್ರಯೋಗಾರ್ಥ ಅವುಗಳನ್ನು ನಿಲ್ಲಿಸಲಾಯಿತು. ಬ್ರಿಟನ್ನಿನ ಕಂಬದಾಕಾರದ ಅಂಚೆಪೆಟ್ಟಿಗೆಯ ಆರಂಭ ಇದು. ಟ್ರಾಲಪ್‌ನ ಒಂದು ಸಾಲನ್ನೂ ಓದದವರೂ ಇದರ ಮೂಲಕ ಆತನಿಗೆ ಋಣಿಗಳು.

ಇದೇ ತಿರುಗಾಟದಲ್ಲಿ ಸಾಲ್ಸ್‌ಬರಿಯ ದೊಡ್ಡ ಚರ್ಚಿನ ಪರಿಸರದಲ್ಲಿ ಸುತ್ತುತ್ತಿದ್ದಾಗ 'ದಿ ವಾರ್ಡನ್' ಕಾದಂಬರಿಯ ಕಥೆ ಹೊಳೆಯಿತು. 1855ರಲ್ಲಿ ಪ್ರಕಟವಾದ ಅದರಿಂದ ಬಂದ ಮೊದಲ ಹಣ ಒಂಬತ್ತು ಪೌಂಡ್ ಎಂಟು ಶಿಲಿಂಗ್ ಎಂಟು ಪೆನ್ಸ್. ಮುಂದಿನ 'ಬಾರ್‌ಚೆಸ್ಟರ್ ಟವರ್ಸ್' (1857) ಬಹುಪಾಲು ರೈಲಿನಲ್ಲಿಯೇ ಹುಟ್ಟಿತು: ತೊಡೆಯ ಮೇಲೆ ಹಲಗೆಯಿಟ್ಟು ಸೀಸದ ಕಡ್ಡಿಯಲ್ಲಿ ಬರೆದದ್ದನ್ನು ಮನೆಯಲ್ಲಿ ರೋಸ್ ಶುದ್ಧಪ್ರತಿ ಮಾಡುತ್ತಿದ್ದಳು.

ಟ್ರಾಲಪ್‌ನ ಬರವಣಿಗೆಯ ಕ್ರಮ ಆತನ ಕೃತಿಗಳಷ್ಟೇ ಪ್ರಸಿದ್ಧ. ಬೆಳಗಿನ ಐದೂವರೆಗೆ ಮೇಜಿನ ಮುಂದೆ ಕೂರುತ್ತಿದ್ದ. ತನ್ನನ್ನು ಎಬ್ಬಿಸಿ ಕಾಫಿ ಕೊಡಲೆಂದೇ ಮನೆಯ ಆಳಿಗೆ ವರ್ಷಕ್ಕೆ ಐದು ಪೌಂಡ್ ಹೆಚ್ಚು ಕೊಡುತ್ತಿದ್ದ. ಗಡಿಯಾರವನ್ನು ಎದುರಿಗಿಟ್ಟುಕೊಂಡು ಪ್ರತಿ ಕಾಲು ಗಂಟೆಗೆ 250 ಪದಗಳಂತೆ ಮೂರು ಗಂಟೆ ಬರೆದು, ಉಡುಪು ಧರಿಸಿ, ಉಪಾಹಾರ ಮುಗಿಸಿ ಕಚೇರಿಯ ಕೆಲಸಕ್ಕೆ ಹೊರಡುತ್ತಿದ್ದ. ದಿನಕ್ಕೆ ಎಷ್ಟು ಪುಟವಾಯಿತೆಂದು ದಿನಚರಿಯಲ್ಲಿ ಗುರುತು ಹಾಕುತ್ತಿದ್ದ. ಖಾಲಿ ಬಿದ್ದ ದಿನಗಳು ಆತನನ್ನು ಚುಚ್ಚುತ್ತಿದ್ದವು. 1858ರಲ್ಲಿ ಈಜಿಪ್ಟಿನ ಮೂಲಕ ಭಾರತ ಮತ್ತು ಆಸ್ಟ್ರೇಲಿಯಗಳಿಗೆ ಹೋಗುವ ಟಪಾಲನ್ನು ರೈಲಿನಲ್ಲಿ ಸಾಗಿಸುವ ಒಪ್ಪಂದಕ್ಕಾಗಿ ಅಲ್ಲಿಗೆ ಹೋಗಬೇಕಾಯಿತು. ಆ ಪ್ರವಾಸದ ಸಮುದ್ರಯಾನದಲ್ಲಿ ವಾಂತಿಯಿಂದ ಮಧ್ಯೆ ಮಧ್ಯೆ ಎದ್ದುಹೋದರೂ ಬರವಣಿಗೆ ನಿಲ್ಲಲಿಲ್ಲ. ಈಜಿಪ್ಟಿನಲ್ಲಿ 'ಡಾಕ್ಟರ್ ಥಾರ್ನ್' ಮುಗಿಸಿದ ಮರುದಿನವೇ ಮುಂದಿನ ಕಾದಂಬರಿಗೆ ಕೈಹಾಕಿದ.

ಹೀಗೆ ದುಡಿದವನಿಗೆ ಕೀರ್ತಿ ಬಂದದ್ದು ನಲವತ್ತೈದರ ಆಸುಪಾಸಿನಲ್ಲಿ. ಥ್ಯಾಕರೆಯ ಸಂಪಾದಕತ್ವದಲ್ಲಿ 1860ರಲ್ಲಿ ಆರಂಭವಾದ 'ಕಾರ್ನ್‌ಹಿಲ್' ಮಾಸಪತ್ರಿಕೆ 'ಫ್ರಾಮ್ಲಿ ಪಾರ್ಸನೇಜ್' ಕಾದಂಬರಿಯನ್ನು ಸಾವಿರ ಪೌಂಡ್ ಕೊಟ್ಟು ಧಾರಾವಾಹಿಯಾಗಿ ಪ್ರಕಟಿಸಿತು. ಅಷ್ಟರಲ್ಲಿ ಈತ ಪೂರ್ವ ಇಂಗ್ಲೆಂಡಿನ ಸರ್ವೇಯರನಾಗಿ ಲಂಡನ್ನಿನ ಸಮೀಪದ ವಾಲ್ತಮ್ ಕ್ರಾಸ್‌ನಲ್ಲಿ ನೆಲೆಸಿದ್ದ.

ರಾಜೀನಾಮೆ

ಬರವಣಿಗೆಯ ಆದಾಯ ಸಂಬಳವನ್ನು ಮೀರಿದ ಮೇಲೂ ಟ್ರಾಲಪ್ ಹಲವು ವರ್ಷ ನೌಕರಿ ಬಿಡಲಿಲ್ಲ. ಸಾಲಗಾರರ ಕೈಯಲ್ಲಿ ಮನೆ ಬರಿದಾದುದನ್ನು ಕಂಡಿದ್ದ ಮಗ ಅವನು. ಅರವತ್ತು ತುಂಬುವವರೆಗೆ ಇಲಾಖೆಯಲ್ಲಿದ್ದರೆ ಸಿಗುವ ನಿವೃತ್ತಿ ವೇತನ ಎಷ್ಟೋ, ಅಷ್ಟೇ ವಾರ್ಷಿಕ ಆದಾಯ ತರುವ ಉಳಿತಾಯ ಕೂಡಿದ ದಿನ ರಾಜೀನಾಮೆ ಕೊಡುವುದೆಂದು ಹೆಂಡತಿಯೊಡನೆ ಸಮಾಲೋಚಿಸಿ ಮೊದಲೇ ನಿಶ್ಚಯಿಸಿದ್ದ.

ಇದರ ಜೊತೆಗೆ ಒಂದು ಅಸಮಾಧಾನವೂ ಸೇರಿತು. 1864ರಲ್ಲಿ ಅಂಚೆ ಸುಧಾರಕ ರೋಲೆಂಡ್ ಹಿಲ್ ನಿವೃತ್ತನಾದ. ಹಿಲ್ಲನಿಗೂ ಟ್ರಾಲಪ್‌ಗೂ ಎಂದೂ ಸರಿಹೋಗಿರಲಿಲ್ಲ. ಆತನ ಸ್ಥಾನಕ್ಕೆ ಟ್ರಾಲಪ್‌ನ ಭಾವ ಜಾನ್ ಟಿಲ್ಲಿ ಬಂದ. ಟಿಲ್ಲಿಯ ಬಡ್ತಿಯಿಂದ ತೆರವಾದ ಸಹಾಯಕ ಕಾರ್ಯದರ್ಶಿ ಹುದ್ದೆಗೆ ಟ್ರಾಲಪ್ ಅರ್ಜಿ ಹಾಕಿದ. ಅದು ಸೇವೆಯಲ್ಲಿ ತನಗಿಂತ ಕಿರಿಯನಾದ ಫ್ರಾಂಕ್ ಐವ್ಸ್ ಸ್ಕುಡಮೋರ್‌ಗೆ ಹೋಯಿತು. ಹುದ್ದೆ ಸಿಕ್ಕಿದ್ದರೆ ಪ್ರತಿದಿನ ಲಂಡನ್ ಕಚೇರಿಯಲ್ಲಿ ಕೂರಬೇಕಾಗಿ ಬೇಟೆಯೂ ಬರವಣಿಗೆಯೂ ಕುಂಠಿತವಾಗುತ್ತಿದ್ದವೆಂದು ಟ್ರಾಲಪ್ ತಾನೇ ಒಪ್ಪಿಕೊಂಡಿದ್ದಾನೆ. ಆದರೂ ಉಪೇಕ್ಷೆಯ ನೋವು ಉಳಿಯಿತು.

1867ರ ಅಕ್ಟೋಬರಿನಲ್ಲಿ ರಾಜೀನಾಮೆ ಸಲ್ಲಿಕೆಯಾಯಿತು. ಅರವತ್ತಕ್ಕೆ ಇನ್ನೂ ಎಂಟು ವರ್ಷವಿದ್ದುದರಿಂದ ನಿವೃತ್ತಿ ವೇತನ ಸಿಗಲಿಲ್ಲ. ಸಾಹಿತ್ಯದ ಕೆಲಸಗಳ ನಡುವೆಯೂ ಕಚೇರಿಯ ಕರ್ತವ್ಯವನ್ನು ಕಡೆಗಣಿಸಲಿಲ್ಲವೆಂಬ ಮೆಚ್ಚುಗೆಯ ಅಧಿಕೃತ ಪತ್ರ ಬಂದಿತು. ಆ ಪತ್ರವನ್ನು ಈತ ಅಮೂಲ್ಯವೆಂದೇ ಭಾವಿಸಿದ. ಕಾದಂಬರಿಗಳನ್ನು ಜನ ಓದದಿದ್ದರೂ ಸಹಿಸಬಲ್ಲೆ, ಒಳ್ಳೆಯ ನೌಕರನಲ್ಲವೆಂದರೆ ಸಹಿಸಲಾರೆ ಎಂಬ ಧೋರಣೆ ಆತ್ಮಕಥೆಯ ಅಂಚೆ ಸಂಬಂಧಿ ಪುಟಗಳಲ್ಲೆಲ್ಲ ಕಾಣುತ್ತದೆ. ನಲವತ್ತೇಳರಲ್ಲಿ ಸುಮಾರು ಇಪ್ಪತ್ತು ಕಾದಂಬರಿಗಳು ನೌಕರಿಯಲ್ಲಿದ್ದಾಗಲೇ ಪ್ರಕಟವಾಗಿದ್ದವು. ಬಾರ್ಸೆಟ್‌ಶೈರ್ ಮಾಲೆ ಪೂರ್ತಿಯಾಗಿ ಆ ಕಾಲದ್ದು.

ಪೂರ್ಣಾವಧಿ ಲೇಖಕ

ಬಿಡುವು ದೊರೆತ ಮೇಲೆ ಎಲ್ಲವೂ ಎಣಿಸಿದಂತೆ ನಡೆಯಲಿಲ್ಲ. ವರ್ಷಕ್ಕೆ ಸಾವಿರ ಪೌಂಡಿಗೆ ಒಪ್ಪಿಕೊಂಡ 'ಸೇಂಟ್ ಪಾಲ್ಸ್' ಮಾಸಪತ್ರಿಕೆಯ ಸಂಪಾದಕತ್ವ 1870ರಲ್ಲಿ ಕೊನೆಗೊಂಡಿತು; ಪತ್ರಿಕೆಗೆ ಬೇಕಾದಷ್ಟು ಓದುಗರು ಸಿಗಲೇ ಇಲ್ಲ. ಸಂಸತ್ ಸದಸ್ಯನಾಗಬೇಕೆಂಬುದು ಯೌವನದ ಕನಸು. 1868ರಲ್ಲಿ ಬೆವರ್ಲಿ ಕ್ಷೇತ್ರದಿಂದ ಲಿಬರಲ್ ಅಭ್ಯರ್ಥಿಯಾಗಿ ನಿಂತು, ನಾನೂರು ಪೌಂಡ್ ಖರ್ಚು ಮಾಡಿ, ನಾಲ್ವರಲ್ಲಿ ಕೊನೆಯವನಾದ. ಲಂಚಕೋರತನಕ್ಕೆ ಹೆಸರಾಗಿದ್ದ ಆ ಕ್ಷೇತ್ರವನ್ನು ವಿಚಾರಣೆಯ ಬಳಿಕ ರದ್ದುಪಡಿಸಲಾಯಿತು. ಈ ಕಹಿ ಅನುಭವ 'ರಾಲ್ಫ್ ದಿ ಏರ್' ಕಾದಂಬರಿಗೆ ವಸ್ತುವಾಯಿತು. ವಿಚಿತ್ರವೆಂದರೆ, ರಾಜೀನಾಮೆಯ ಮರುವರ್ಷವೇ ಅಂಚೆ ಒಪ್ಪಂದವೊಂದರ ಸಂಧಾನಕ್ಕಾಗಿ ಇಲಾಖೆ ಈತನನ್ನು ಅಮೆರಿಕಕ್ಕೆ ಕಳುಹಿಸಿತು.

ಸಂಭಾವನೆಯೂ ರಾಜೀನಾಮೆಯ ಹೊತ್ತಿಗೆ ಶಿಖರ ಮುಟ್ಟಿತ್ತು. ಆಗಿನ 'ಫಿನಿಯಸ್ ಫಿನ್' ಮತ್ತು 'ಹಿ ನ್ಯೂ ಹಿ ವಾಸ್ ರೈಟ್' ಕಾದಂಬರಿಗಳಿಗೆ ತಲಾ 3,200 ಪೌಂಡ್ ದೊರೆತಿತ್ತು. ಆಮೇಲೆ ಆ ಮೊತ್ತ ಕ್ರಮೇಣ ಇಳಿಯಿತು. ಆದರೆ ದುಡಿಮೆ ಸಡಿಲಗೊಳ್ಳಲಿಲ್ಲ. 1871ರಲ್ಲಿ ಕುರಿಸಾಕಣೆಗಾರನಾಗಿದ್ದ ಕಿರಿಯ ಮಗನನ್ನು ನೋಡಲು ಆಸ್ಟ್ರೇಲಿಯಕ್ಕೆ ಹೊರಟವನು ಎಂಟು ವಾರಗಳ ಹಡಗಿನ ಪಯಣದಲ್ಲಿ 'ಲೇಡಿ ಆನಾ' ಕಾದಂಬರಿಯನ್ನು ಪೂರ್ತಿ ಬರೆದ. ಹಿಂತಿರುಗಿ ಲಂಡನ್ನಿನಲ್ಲಿ ನೆಲೆಸಿದಾಗ ಕಂಡ ಹಣದ ಮೋಹ, ಷೇರುಪೇಟೆಯ ವಂಚನೆಗಳು 'ದಿ ವೇ ವಿ ಲಿವ್ ನೌ' (1875) ಕಾದಂಬರಿಯ ಹಿನ್ನೆಲೆ. ಮೆಲ್ಮಾಟ್ ಎಂಬ ಮೋಸಗಾರ ಹಣಕಾಸುದಾರ ಇದರ ಕೇಂದ್ರ ಪಾತ್ರ. ಅಂದಿನ ವಿಮರ್ಶಕರು ಇದನ್ನು ಅಷ್ಟಾಗಿ ಮೆಚ್ಚಲಿಲ್ಲ. ಇಂದು ಇದನ್ನು ಈತನ ಶ್ರೇಷ್ಠ ಕೃತಿಯೆಂದು ಪರಿಗಣಿಸುವವರು ಹಲವರು. ಗುಮಾಸ್ತಿಕೆಯ ದಿನಗಳ ತಿಳಿಹಾಸ್ಯದ ಜಾಗದಲ್ಲಿ ಇಲ್ಲಿ ತೀಕ್ಷ್ಣವಾದ ವ್ಯಂಗ್ಯವಿದೆ.

ಕೊನೆಯ ವರ್ಷಗಳಲ್ಲಿ ಕೈ ಸೆಟೆದು ಬರೆಯಲು ಕಷ್ಟವಾದಾಗ ಹೆಂಡತಿಯ ಸೋದರಿಯ ಮಗಳು ಫ್ಲಾರೆನ್ಸ್ ಬ್ಲಾಂಡ್‌ಳಿಂದ ಹೇಳಿ ಬರೆಯಿಸುತ್ತಿದ್ದ. 1882ರ ನವೆಂಬರಿನಲ್ಲಿ, ಹಾಸ್ಯ ಕಾದಂಬರಿಯೊಂದನ್ನು ಮನೆಮಂದಿ ಗಟ್ಟಿಯಾಗಿ ಓದುತ್ತಿದ್ದಾಗ ನಗುತ್ತ ಕುಳಿತಿದ್ದ ಟ್ರಾಲಪ್‌ಗೆ ಪಾರ್ಶ್ವವಾಯು ಬಡಿಯಿತು. ಡಿಸೆಂಬರ್ 6ರಂದು ಲಂಡನ್ನಿನಲ್ಲಿ ತೀರಿಕೊಂಡ. ಐರ್ಲೆಂಡನ್ನು ಕುರಿತ 'ದಿ ಲ್ಯಾಂಡ್‌ಲೀಗರ್ಸ್' ಅಪೂರ್ಣವಾಗಿ ಉಳಿಯಿತು.

ಆತ್ಮಕಥೆ ಮತ್ತು ಕೀರ್ತಿ

1875–76ರಲ್ಲಿ ಬರೆದಿಟ್ಟಿದ್ದ ಆತ್ಮಕಥೆಯನ್ನು ಹಿರಿಯ ಮಗ ಹೆನ್ರಿ 1883ರಲ್ಲಿ ಪ್ರಕಟಿಸಿದ. ಗಡಿಯಾರ, ಪದಗಳ ಲೆಕ್ಕ, ಪ್ರತಿ ಪುಸ್ತಕದಿಂದ ಬಂದ ಹಣದ ಪಟ್ಟಿ ಎಲ್ಲವನ್ನೂ ಅದರಲ್ಲಿ ಮುಚ್ಚುಮರೆಯಿಲ್ಲದೆ ಹೇಳಲಾಗಿತ್ತು. ಒಟ್ಟು ಗಳಿಕೆ 69,000 ಪೌಂಡಿಗೆ ಹತ್ತಿರ. ಬರವಣಿಗೆಯನ್ನು ಚಮ್ಮಾರಿಕೆಗೆ ಹೋಲಿಸಿದ ಈ ನೇರ ಮಾತು ಕಲೆಯನ್ನು ಆರಾಧಿಸುತ್ತಿದ್ದ ಮುಂದಿನ ತಲೆಮಾರಿಗೆ ರುಚಿಸದೆ ಆತನ ಹೆಸರು ಕೆಲಕಾಲ ಮಸುಕಾಯಿತು. ಆದರೆ ಗಡಿಯಾರದ ಮುಂದೆ ಹುಟ್ಟಿದ ಪಾತ್ರಗಳ ಬಗ್ಗೆ ಈತನಿಗಿದ್ದ ಮಮತೆಯನ್ನೂ ಅದೇ ಪುಸ್ತಕ ತೋರಿಸುತ್ತದೆ. ಬಿಷಪ್ಪನ ಹೆಂಡತಿ ಮಿಸೆಸ್ ಪ್ರೌಡಿ ಮತ್ತೆ ಮತ್ತೆ ಬರುತ್ತಾಳೆಂದು ಕ್ಲಬ್ಬಿನಲ್ಲಿ ಇಬ್ಬರು ಪಾದ್ರಿಗಳು ಗೊಣಗುವುದನ್ನು ಕೇಳಿಸಿಕೊಂಡ ಟ್ರಾಲಪ್, ಆಕೆಯನ್ನು ವಾರದೊಳಗೆ ಕೊಲ್ಲುವೆನೆಂದು ಅವರಿಗೆ ಮಾತು ಕೊಟ್ಟು ಹಾಗೆಯೇ ಮಾಡಿದ. ಮುಂದೆ ಅದಕ್ಕಾಗಿ ಬಹಳ ಮರುಗಿದ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಓದುಗರು ಬಾರ್ಸೆಟ್‌ಶೈರ್ ಕಾದಂಬರಿಗಳತ್ತ ಮತ್ತೆ ಒಲಿದರು. 1993ರಲ್ಲಿ ವೆಸ್ಟ್‌ಮಿನ್‌ಸ್ಟರ್ ಆ್ಯಬಿಯ ಕವಿಗಳ ಮೂಲೆಯಲ್ಲಿ ಟ್ರಾಲಪ್‌ನ ಸ್ಮಾರಕ ಫಲಕವನ್ನು ಸ್ಥಾಪಿಸಲಾಯಿತು. ಆತನ ಸಮಾಧಿ ಇರುವುದು ಲಂಡನ್ನಿನ ಕೆನ್ಸಲ್ ಗ್ರೀನ್ ಸ್ಮಶಾನದಲ್ಲಿ.