ಕೇಂಬ್ರಿಡ್ಜ್‌ನಲ್ಲಿ ನಿಂತ ಓದು ಬೆಂಗಳೂರಿನಲ್ಲಿ ಮುಂದುವರಿಯಿತು: ಡಾ. ವಿಕ್ರಮ್ ಸಾರಾಭಾಯಿ

ಯಶವಂತಪುರದಿಂದ ಮಲ್ಲೇಶ್ವರದ ಕಡೆಗೆ ಬರುವಾಗ ದೊಡ್ಡ ಮರಗಳ ನಡುವೆ ಭಾರತೀಯ ವಿಜ್ಞಾನ ಸಂಸ್ಥೆ ಸಿಗುತ್ತದೆ. ಹಳೆಯ ಬೆಂಗಳೂರಿಗರಿಗೆ ಅದು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್. 1940ರ ದಶಕದ ಆರಂಭದಲ್ಲಿ ಅಹಮದಾಬಾದಿನ ಜೈನ ಮನೆತನದ ಯುವಕರೊಬ್ಬರು ಅಲ್ಲಿಗೆ ಬಂದರು. ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ ಓದುತ್ತಿದ್ದ ಅವರ ದಾರಿಗೆ ಎರಡನೇ ಮಹಾಯುದ್ಧ ಅಡ್ಡ ಬಂದಿತ್ತು. ಅವರೇ ಮುಂದೆ ಭಾರತದ ಬಾಹ್ಯಾಕಾಶ ಕಾರ್ಯಕ್ರಮದ ಪಿತಾಮಹ ಎನಿಸಿಕೊಂಡ ಡಾ. ವಿಕ್ರಮ್ ಸಾರಾಭಾಯಿ.

ವಿಕ್ರಮ್ ಅವರು ಹುಟ್ಟಿದ್ದು 1919ರ ಆಗಸ್ಟ್ 12ರಂದು. ತಂದೆ ಅಂಬಾಲಾಲ್ ಸಾರಾಭಾಯಿ ಅಹಮದಾಬಾದಿನ ಹೆಸರಾಂತ ಕ್ಯಾಲಿಕೋ ಮಿಲ್ಲಿನ ಒಡೆಯರು. ತಾಯಿ ಸರಳಾದೇವಿ. ಎಂಟು ಮಕ್ಕಳ ತುಂಬು ಸಂಸಾರ. ಮಕ್ಕಳನ್ನು ಹೊರಗಿನ ಶಾಲೆಗೆ ಕಳುಹಿಸದೆ, ಮಾಂಟೆಸ್ಸೊರಿ ಪದ್ಧತಿಯನ್ನು ಅನುಸರಿಸಿ ಮನೆಯಲ್ಲೇ ಶಾಲೆ ನಡೆಸಲಾಯಿತು. ರವೀಂದ್ರನಾಥ ಠಾಕೂರರಂಥ ದೊಡ್ಡವರು ಆ ಮನೆಗೆ ಅತಿಥಿಗಳಾಗಿ ಬರುತ್ತಿದ್ದರು.

ವಿದೇಶದಲ್ಲಿ ಓದುವುದು ಆ ಮನೆಗೆ ಹೊಸದಾಗಿರಲಿಲ್ಲ. ವಿಕ್ರಮ್ ಅವರ ಸೋದರತ್ತೆ ಅನಸೂಯಾ ಸಾರಾಭಾಯಿ 1912ರಲ್ಲಿಯೇ ವೈದ್ಯಕೀಯ ಓದಲೆಂದು ಇಂಗ್ಲೆಂಡಿಗೆ ಹೋಗಿದ್ದರು. ಆ ಓದಿನಲ್ಲಿ ಪ್ರಾಣಿಗಳನ್ನು ಕೊಯ್ಯಬೇಕಾಗುತ್ತದೆ ಎಂದು ತಿಳಿದಾಗ ಅದು ತಮ್ಮ ಜೈನ ಧರ್ಮಕ್ಕೆ ಒಪ್ಪದೆಂದು ವೈದ್ಯಕೀಯವನ್ನೇ ಬಿಟ್ಟು ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಸೇರಿದರು. ಊರಿಗೆ ಮರಳಿದ ಮೇಲೆ ಮಿಲ್ ಕಾರ್ಮಿಕರ ಪರ ನಿಂತರು. 1918ರ ಮುಷ್ಕರದಲ್ಲಿ ಗಾಂಧೀಜಿಯವರ ಜೊತೆ ಸೇರಿ, ಮಿಲ್ ಮಾಲೀಕರ ಕಡೆ ಇದ್ದ ಸ್ವಂತ ತಮ್ಮ ಅಂಬಾಲಾಲರ ಎದುರೇ ನಿಂತರು. ಪರದೇಶಕ್ಕೆ ಹೋದರೂ ತಮ್ಮತನ ಬಿಡದೆ, ಕಲಿತದ್ದನ್ನು ಊರಿನ ಜನಕ್ಕೆ ಮುಟ್ಟಿಸಿದ ಹಿರಿಯರನ್ನು ನೋಡುತ್ತಲೇ ವಿಕ್ರಮ್ ಬೆಳೆದರು.

ಅಹಮದಾಬಾದಿನ ಗುಜರಾತ್ ಕಾಲೇಜಿನಲ್ಲಿ ಓದಿದ ಬಳಿಕ 1937ರಲ್ಲಿ ವಿಕ್ರಮ್ ಕೇಂಬ್ರಿಡ್ಜ್‌ನ ಸೇಂಟ್ ಜಾನ್ಸ್ ಕಾಲೇಜನ್ನು ಸೇರಿದರು. ಆಗ ಅವರಿಗೆ 18 ವರ್ಷ. ಕ್ಯಾಮ್ ನದಿಯ ದಡದಲ್ಲಿರುವ ಕೇಂಬ್ರಿಡ್ಜ್ ಸಣ್ಣ ಊರಾದರೂ ಭೌತವಿಜ್ಞಾನಕ್ಕೆ ಆಗ ಜಗತ್ತಿನ ಕೇಂದ್ರವೆನಿಸಿತ್ತು. ಅಲ್ಲಿನ ಕ್ಯಾವೆಂಡಿಶ್ ಪ್ರಯೋಗಾಲಯದಲ್ಲೇ 1897ರಲ್ಲಿ ಜೆ. ಜೆ. ಥಾಮ್ಸನ್ ಎಲೆಕ್ಟ್ರಾನ್ ಕಂಡುಹಿಡಿದಿದ್ದರು. ಪರಮಾಣುವಿನ ಒಳರಚನೆಯನ್ನು ಜಗತ್ತಿಗೆ ತಿಳಿಸಿದ ರುದರ್‌ಫೋರ್ಡ್ ಅದರ ಮುಖ್ಯಸ್ಥರಾಗಿದ್ದು 1937ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಭಾರತದ ಹೋಮಿ ಭಾಭಾ ಸಹ ಅಲ್ಲಿಯೇ ಡಾಕ್ಟರೇಟ್ ಪಡೆದವರು.

ಓದು ಸಾಗಿದ್ದಾಗಲೇ 1939ರ ಸೆಪ್ಟೆಂಬರ್‌ನಲ್ಲಿ ಯುದ್ಧ ಶುರುವಾಯಿತು. 1940ರಲ್ಲಿ ಪ್ರಕೃತಿ ವಿಜ್ಞಾನದಲ್ಲಿ ಟ್ರೈಪಾಸ್ ಪದವಿಯೇನೋ ಆಯಿತು. ಆದರೆ ಅದರ ಮುಂದಿನ ಸಂಶೋಧನೆಗೆ ಅಲ್ಲಿ ಉಳಿಯುವ ಕಾಲ ಅದಾಗಿರಲಿಲ್ಲ. ವಿಕ್ರಮ್ ಭಾರತದಲ್ಲಿ ಉಳಿಯಬೇಕಾಯಿತು. ಮನೆಯಲ್ಲಿ ಮಿಲ್ ಇತ್ತು, ವ್ಯಾಪಾರವಿತ್ತು. ಗಾದಿಯ ಮೇಲೆ ಕುಳಿತಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಆದರೆ ಅವರು ಓದು ಬಿಡಲಿಲ್ಲ. ಬೆಂಗಳೂರಿನಲ್ಲಿ ಸರ್ ಸಿ. ವಿ. ರಾಮನ್ ಅವರ ಮಾರ್ಗದರ್ಶನದಲ್ಲಿ ಸಂಶೋಧನೆ ಮಾಡಲು ಕೇಂಬ್ರಿಡ್ಜ್ ಒಪ್ಪಿಗೆ ಕೊಟ್ಟಿತು.

ಹೀಗೆ ಟಾಟಾ ಇನ್‌ಸ್ಟಿಟ್ಯೂಟ್‌ಗೆ ಬಂದ ವಿಕ್ರಮ್ ಆರಿಸಿಕೊಂಡ ವಿಷಯ ವಿಶ್ವಕಿರಣಗಳು. ಹೊರ ಆಕಾಶದಿಂದ ಭೂಮಿಯ ಮೇಲೆ ಹಗಲಿರುಳೂ ಬಂದು ಬೀಳುವ, ಕಣ್ಣಿಗೆ ಕಾಣದ ಸೂಕ್ಷ್ಮ ಕಣಗಳಿವು. ಇವು ಎಲ್ಲ ಊರಿಗೂ ಒಂದೇ ಪ್ರಮಾಣದಲ್ಲಿ ಬೀಳುವುದಿಲ್ಲ. ಭೂಮಿಯ ಕಾಂತಶಕ್ತಿ ಇವುಗಳಲ್ಲಿ ಹಲವನ್ನು ತಡೆದು ತಿರುಗಿಸುತ್ತದೆ. ಆ ತಡೆ ಧ್ರುವಗಳ ಕಡೆ ಕಡಿಮೆ, ಸಮಭಾಜಕದ ಕಡೆ ಹೆಚ್ಚು. ಹಾಗಾಗಿ 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ಬೆಂಗಳೂರಿನಲ್ಲಿ ಮಾಡುವ ಅಳತೆಯನ್ನು ಕೇಂಬ್ರಿಡ್ಜ್‌ನಲ್ಲಿ ಕುಳಿತು ಮಾಡಲು ಸಾಧ್ಯವಿರಲಿಲ್ಲ. ಯುದ್ಧದಿಂದ ಬಂದ ಅಡ್ಡಿಯೇ ಈ ಕೆಲಸಕ್ಕೆ ಅನುಕೂಲವಾಯಿತು.

ರಜೆಗೆಂದು ಭಾರತಕ್ಕೆ ಬಂದು ಯುದ್ಧದಿಂದಾಗಿ ಇಲ್ಲಿಯೇ ಉಳಿದ ಹೋಮಿ ಭಾಭಾ ಕೂಡ ಆಗ ಅದೇ ಸಂಸ್ಥೆಯಲ್ಲಿದ್ದರು. ಇಬ್ಬರ ಸ್ನೇಹ ಮುಂದೆ ದೇಶಕ್ಕೆ ದೊಡ್ಡ ಆಸ್ತಿಯಾಯಿತು. ವಿಶ್ವಕಿರಣಗಳ ಬಗ್ಗೆ ವಿಕ್ರಮ್ ಅವರ ಮೊದಲ ಪ್ರಬಂಧ 1942ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ನೃತ್ಯ ಕಲಾವಿದೆ ಮೃಣಾಲಿನಿ ಸ್ವಾಮಿನಾಥನ್ ಅವರೊಡನೆ ಮದುವೆಯಾದದ್ದೂ ಅದೇ ವರ್ಷ. ಮುಂದೆ 1943ರಲ್ಲಿ ಕಾಶ್ಮೀರದ ಎತ್ತರದ ಬೆಟ್ಟಗಳಿಗೂ ಹೋಗಿ ಅವರು ವಿಶ್ವಕಿರಣಗಳನ್ನು ಅಳೆದರು.

1945ರಲ್ಲಿ ಯುದ್ಧ ಮುಗಿಯಿತು. ವಿಕ್ರಮ್ ಮತ್ತೆ ಕೇಂಬ್ರಿಡ್ಜ್‌ಗೆ ಹೋಗಿ ಸಂಶೋಧನೆ ಪೂರ್ಣಗೊಳಿಸಿದರು. 1947ರಲ್ಲಿ ಅವರಿಗೆ ಪಿಎಚ್‌.ಡಿ. ದೊರೆಯಿತು. ಆ ಮಹಾಪ್ರಬಂಧದ ವಿಷಯ ಉಷ್ಣವಲಯದ ಅಕ್ಷಾಂಶಗಳಲ್ಲಿ ವಿಶ್ವಕಿರಣಗಳ ಅಧ್ಯಯನ. ಪದವಿ ಕೊಟ್ಟದ್ದು ಇಂಗ್ಲೆಂಡಿನ ವಿಶ್ವವಿದ್ಯಾಲಯವಾದರೂ, ಅದರ ಹಿಂದಿದ್ದುದು ನಮ್ಮ ನೆಲದಲ್ಲಿ ಮಾಡಿದ ದುಡಿಮೆ.

ಪದವಿ ಪಡೆದು ಬಂದ ಮಗ ಅದನ್ನು ಗೋಡೆಗೆ ತೂಗುಹಾಕಿ ಸುಮ್ಮನಾಗಲಿಲ್ಲ. ಆ ವರ್ಷವೇ ನವೆಂಬರ್ 11ರಂದು ಅಹಮದಾಬಾದಿನಲ್ಲಿ ಭೌತಿಕ ಸಂಶೋಧನಾ ಪ್ರಯೋಗಾಲಯ ಸ್ಥಾಪಿಸಿದರು. ಬಟ್ಟೆ ಗಿರಣಿಗಳ ಸಂಶೋಧನೆಗೆ ಅಟಿರಾ ಸಂಸ್ಥೆ ಕಟ್ಟಿದರು. 1961ರಲ್ಲಿ ಅಹಮದಾಬಾದಿಗೆ ಐಐಎಂ ಬರಲು ದುಡಿದರು. ತಮ್ಮ ಮನೆತನದ ಉದ್ಯಮವನ್ನೂ ನೋಡಿಕೊಂಡರು.

1962ರಲ್ಲಿ ಬಾಹ್ಯಾಕಾಶ ಸಂಶೋಧನೆಗೆ ರಾಷ್ಟ್ರೀಯ ಸಮಿತಿ ರಚನೆಯಾದಾಗ ಅದರ ನೇತೃತ್ವ ಸಾರಾಭಾಯಿಯವರ ಪಾಲಿಗೆ ಬಂತು. ರಾಕೆಟ್ ಉಡಾವಣೆಗೆ ಕೇರಳದ ಮೀನುಗಾರರ ಹಳ್ಳಿ ತುಂಬಾವನ್ನು ಆರಿಸಲಾಯಿತು. ಭೂಮಿಯ ಕಾಂತೀಯ ಸಮಭಾಜಕ ರೇಖೆ ಅದರ ಸಮೀಪದಲ್ಲೇ ಹಾದುಹೋಗುವುದು ಇದಕ್ಕೆ ಕಾರಣ. ಬೆಂಗಳೂರಿನಲ್ಲಿ ಆರಂಭವಾದ ಅಧ್ಯಯನದ ಎಳೆ ಹೀಗೆ ತುಂಬಾವರೆಗೂ ಬಂತು. 1963ರ ನವೆಂಬರ್ 21ರಂದು ಅಲ್ಲಿಂದ ಮೊದಲ ರಾಕೆಟ್ ಮೇಲೇರಿತು. 1966ರಲ್ಲಿ ಭಾಭಾ ವಿಮಾನ ದುರಂತದಲ್ಲಿ ತೀರಿಕೊಂಡಾಗ ಅಣುಶಕ್ತಿ ಆಯೋಗದ ಹೊಣೆಯೂ ಸಾರಾಭಾಯಿಯವರ ಹೆಗಲಿಗೇರಿತು. 1969ರ ಆಗಸ್ಟ್ 15ರಂದು ಇಸ್ರೋ ಸ್ಥಾಪನೆಯಾಯಿತು. ಎರಡೇ ವರ್ಷಗಳ ನಂತರ, 1971ರ ಡಿಸೆಂಬರ್ 30ರಂದು, ಕೋವಳಂನಲ್ಲಿ ಅವರು ಹಠಾತ್ತನೆ ನಿಧನರಾದರು. ಆಗ ವಯಸ್ಸು ಕೇವಲ 52.

ಭಾರತದ ಮೊದಲ ಉಪಗ್ರಹವನ್ನು ಅವರು ನೋಡಲಿಲ್ಲ. ಅದನ್ನು ಕಟ್ಟಿದ ತಂಡವನ್ನು ಮುನ್ನಡೆಸಿದವರು ಅವರ ಬಳಿಯೇ ಸಂಶೋಧನೆ ಮಾಡಿದ್ದ, ಉಡುಪಿ ಜಿಲ್ಲೆಯ ಅದಮಾರಿನ ಪ್ರೊ. ಯು. ಆರ್. ರಾವ್. ಆರ್ಯಭಟ ತಯಾರಾದದ್ದು ಯಶವಂತಪುರದಾಚೆಯ ಪೀಣ್ಯ ಕೈಗಾರಿಕಾ ಪ್ರದೇಶದ ಶೆಡ್ಡುಗಳಲ್ಲಿ. 1975ರ ಏಪ್ರಿಲ್ 19ರಂದು ಸೋವಿಯತ್ ಒಕ್ಕೂಟದಿಂದ ಅದರ ಉಡಾವಣೆಯಾಯಿತು. ಇಂದು ಇಸ್ರೋದ ಕೇಂದ್ರ ಕಚೇರಿ ಇರುವುದು ನ್ಯೂ ಬಿಇಎಲ್ ರಸ್ತೆಯಲ್ಲಿ, ಸಾರಾಭಾಯಿ ಸಂಶೋಧನೆ ಮಾಡಿದ ಸಂಸ್ಥೆಗೆ ಹತ್ತಿರದಲ್ಲೇ. 2023ರ ಆಗಸ್ಟ್ 23ರಂದು ಚಂದ್ರನ ಮೇಲೆ ಇಳಿದ ಲ್ಯಾಂಡರ್‌ಗೆ ಇಟ್ಟದ್ದೂ ವಿಕ್ರಮ್ ಎಂಬ ಹೆಸರನ್ನೇ.

ಇಂದು ಸಮಾಜದ ಅನೇಕ ಮನೆಗಳ ಮಕ್ಕಳು ಯುರೋಪಿನಲ್ಲಿ ಓದುತ್ತಿದ್ದಾರೆ. ಸಾರಾಭಾಯಿಯವರಿಗೆ ಶ್ರೀಮಂತ ಮನೆಯ ಬೆಂಬಲವಿತ್ತು, ಅದು ಎಲ್ಲರಿಗೂ ಇರುವುದಿಲ್ಲ, ನಿಜ. ಆದರೆ ಮಧ್ಯದಲ್ಲಿ ಓದು ನಿಂತಾಗ ಎದೆಗುಂದದೆ, ಇದ್ದ ಊರಲ್ಲೇ ಗುರುವನ್ನು ಹುಡುಕಿಕೊಂಡು, ಆ ಊರಿನಲ್ಲಿ ಮಾತ್ರ ಆಗುವ ಕೆಲಸವನ್ನು ಕೈಗೆತ್ತಿಕೊಂಡದ್ದಕ್ಕೆ ಬೇಕಾದದ್ದು ಹಣವಲ್ಲ. ಮಕ್ಕಳನ್ನು ದೂರದೇಶಕ್ಕೆ ಕಳುಹಿಸುವ ತಂದೆ ತಾಯಿಗಳು, ಯಾವುದೋ ಕಾರಣಕ್ಕೆ ಅರ್ಧದಲ್ಲೇ ಮರಳಿ ಬಂದ ಮಕ್ಕಳೂ, ಈ ಮಾತನ್ನು ನೆನಪಿನಲ್ಲಿಟ್ಟುಕೊಂಡರೆ ಒಳ್ಳೆಯದು.