ಶಿಲಾಯುಗದ ಶೋಧಕ ರಾಬರ್ಟ್ ಬ್ರೂಸ್ ಫೂಟ್

ಆದವಾನಿ, ರಾಯದುರ್ಗಗಳ ಸೀಮೆಯಲ್ಲಿ ಹುಟ್ಟಿ ಬೆಳೆದ ನಮಗೆ ಕಲ್ಲು ಹೊಸದಲ್ಲ. ನೇಗಿಲಿಗೆ ತಗಲುವುದೂ ಕಲ್ಲೇ, ಊರ ನೆತ್ತಿಯ ಮೇಲಿರುವ ದುರ್ಗವೂ ಕಲ್ಲೇ. ಇಂತಹ ಕಲ್ಲುಗಳಲ್ಲಿ ಆದಿಮಾನವನ ಕೈಗುರುತನ್ನು ಕಂಡು ಲೋಕಕ್ಕೆ ತೋರಿಸಿಕೊಟ್ಟ ಮಹನೀಯರು ರಾಬರ್ಟ್ ಬ್ರೂಸ್ ಫೂಟ್. ಈ ಶುಭಾವಸರದಲ್ಲಿ ಅವರನ್ನು ಸ್ಮರಿಸುವುದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.

ಫೂಟರು 1834ರಲ್ಲಿ ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್‌ನಲ್ಲಿ ಜನಿಸಿದರು. 1858ರಲ್ಲಿ ಭಾರತದ ಭೂವಿಜ್ಞಾನ ಇಲಾಖೆಯನ್ನು ಸೇರಿ ದಕ್ಷಿಣ ದೇಶಕ್ಕೆ ಬಂದರು. ಅವರ ಉದ್ಯೋಗ ಭೂಸ್ತರಗಳ ಪರೀಕ್ಷೆ. ಪ್ರಾಚೀನ ಮಾನವನ ಶೋಧವು ಅದಕ್ಕೆ ಸೇರಿದುದಾಗಿರಲಿಲ್ಲ. ಆದರೂ 1863ರ ಮೇ 30ರಂದು ಮದರಾಸಿನ ಸಮೀಪದ ಪಲ್ಲಾವರಂನಲ್ಲಿ, ಜಲ್ಲಿ ತೆಗೆದ ಹಳ್ಳವೊಂದರಲ್ಲಿ, ಮನುಷ್ಯನು ಕೆತ್ತಿದ ಬೆಣಚುಕಲ್ಲಿನ ಕೈಗೊಡಲಿಯೊಂದು ಅವರ ಕಣ್ಣಿಗೆ ಬಿದ್ದಿತು. ಭಾರತದ ಹಳೆಯ ಶಿಲಾಯುಗದ ಅಧ್ಯಯನವು ಆ ಒಂದು ಕಲ್ಲಿನಿಂದ ಆರಂಭವಾಯಿತು. ಅದೇ ವರ್ಷ ಅತ್ತಿರಂಪಾಕ್ಕಂನಲ್ಲಿ ಇನ್ನಷ್ಟು ಆಯುಧಗಳು ದೊರೆತವು. ಆ ನೆಲೆಯ ಪ್ರಾಚೀನತೆ ಸುಮಾರು 15 ಲಕ್ಷ ವರ್ಷಗಳೆಂದು ಇತ್ತೀಚಿನ ಸಂಶೋಧನೆ ತಿಳಿಸಿದೆ.

ಕನ್ನಡ ನಾಡಿಗೆ ಅವರ ಸೇವೆ ಅಪಾರವಾದುದು. ಮಲಪ್ರಭೆಯ ಕಣಿವೆಯನ್ನು ಶೋಧಿಸಿದರು. ಚಿನ್ನದ ಗಣಿಗಳಿಗೆ ಆಶ್ರಯವಾದ ಶಿಲಾವರ್ಗಕ್ಕೆ ಧಾರವಾಡದ ಹೆಸರನ್ನಿತ್ತರು. ಬಳ್ಳಾರಿಯ ಬಳಿಯ ಕಪ್ಪಗಲ್ಲು ಗುಡ್ಡದಲ್ಲಿ ನವಶಿಲಾಯುಗದ ಜನರು ಕರಿಗಲ್ಲಿನ ಕೊಡಲಿಗಳನ್ನು ತಯಾರಿಸುತ್ತಿದ್ದ ಕಾರ್ಖಾನೆಯನ್ನೇ ಗುರುತಿಸಿದರು. ಈ ಸೀಮೆಯ ಬೂದಿದಿಬ್ಬಗಳ ವಿಷಯದಲ್ಲಿಯೂ ಅವರ ವಿಚಾರ ಗಮನಾರ್ಹ. ಹಂಪೆಯ ಬಳಿಯ ಒಂದು ದಿಬ್ಬವನ್ನು ವಾಲಿಯನ್ನು ದಹಿಸಿದ ಸ್ಥಳವೆಂದು ಜನ ನಂಬಿದ್ದರು. ಆದರೆ ಇಂತಹ ದಿಬ್ಬಗಳು ಪ್ರಾಚೀನ ಗೋಪಾಲಕರು ಸುಟ್ಟ ಸಗಣಿಯ ರಾಶಿಗಳೆಂದು ಫೂಟರು ತಿಳಿದರು. 1957ರಲ್ಲಿ ಉಟ್ನೂರಿನ ಉತ್ಖನನವು ಈ ಅಭಿಪ್ರಾಯವನ್ನು ದೃಢಪಡಿಸಿತು.

1891ರಲ್ಲಿ ನಿವೃತ್ತರಾದ ಮೇಲೆ ಅವರು ಬರೋಡ ಮತ್ತು ಮೈಸೂರು ಸಂಸ್ಥಾನಗಳಲ್ಲಿ ಸೇವೆ ಸಲ್ಲಿಸಿದರು. ನಾನೂರಕ್ಕೂ ಮಿಕ್ಕ ನೆಲೆಗಳಿಂದ ಕೂಡಿಸಿದ ಅವರ ಸಂಗ್ರಹವು 1904ರಲ್ಲಿ ಮದರಾಸಿನ ವಸ್ತುಸಂಗ್ರಹಾಲಯವನ್ನು ಸೇರಿತು. 1912ರ ಡಿಸೆಂಬರ್ 29ರಂದು ಅವರು ಕಲ್ಕತ್ತೆಯಲ್ಲಿ ಕಾಲವಾದರು. ಅವರ ಸ್ಮಾರಕವು ಏರ್ಕಾಡಿನ ಇಗರ್ಜಿಯಲ್ಲಿದೆ.

1895ರಲ್ಲಿ ಬಳ್ಳಾರಿ ಜಿಲ್ಲೆಯ ಭೂರಚನೆಯನ್ನು ಕುರಿತ ಅವರ ಗ್ರಂಥ ಪ್ರಕಟವಾದಾಗ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆ ಜಿಲ್ಲೆಯಲ್ಲಿಯೇ ಇದ್ದವು. 1953ರಲ್ಲಿ ಗಡಿಯ ಗೆರೆ ನಡುವೆ ಹಾಯ್ದಿತು. ನೆಲದೊಳಗಿನ ಬಂಡೆಗೆ ಆ ಗೆರೆಯಿಲ್ಲ. ಆದರೆ ಕಲ್ಲಿನ ಗಣಿಗಾರಿಕೆಯಿಂದ ಕಪ್ಪಗಲ್ಲಿನ ಗುಡ್ಡಕ್ಕೂ ಹಾನಿಯಾಗಿದೆ. ಒಡೆದ ಬಂಡೆಯ ಮೇಲಿನ ಇತಿಹಾಸವನ್ನು ಯಾರೂ ಮರಳಿ ಬರೆಯಲಾರರು. ಆದಕಾರಣ ಹೊಲದಲ್ಲಿ ನುಣುಪಾಗಿ ಮಸೆದ ಕಲ್ಲು ಸಿಕ್ಕಿದರೆ ಬದುವಿಗೆ ಎಸೆಯದೆ, ಸಿಕ್ಕಿದ ಸ್ಥಳವನ್ನು ಗುರುತಿಟ್ಟು, ಬಲ್ಲವರಿಗೆ ತೋರಿಸಬೇಕೆಂದು ನಮ್ಮ ಬಂಧುಗಳಲ್ಲಿ ವಿನಂತಿಸುತ್ತೇವೆ. ಫೂಟರ ಋಣವನ್ನು ಇಷ್ಟರಮಟ್ಟಿಗಾದರೂ ತೀರಿಸಲು ನಾವೆಲ್ಲರೂ ಶಕ್ತರು.