ಕುದ್ಮುಲ್ ರಂಗರಾಯರು

ಮಂಗಳೂರಿಗೆ ಹೋದ ಮಕ್ಕಳಲ್ಲಿ ಕೆಲವರಾದರೂ ಅಲ್ಲಿಯ ಪುರಭವನದ ಮೇಲೆ ಕುದ್ಮುಲ್ ರಂಗರಾಯರ ಹೆಸರನ್ನು ಓದಿರಬಹುದು. ಆದರೆ ಅವರು ನಮ್ಮ ಕಾಸರಗೋಡು ಸೀಮೆಯವರೆಂದು ಕೇಳಿದರೆ ತರಗತಿಯಲ್ಲಿ ಒಂದೆರಡು ಕೈಗಳೂ ಮೇಲೇಳುವುದಿಲ್ಲ.

ರಂಗರಾಯರು ಹುಟ್ಟಿದ್ದು 1859ರಲ್ಲಿ, ಕುದ್ಮುಲ್ ಎಂಬಲ್ಲಿ, ಸಾರಸ್ವತ ಬ್ರಾಹ್ಮಣ ಮನೆತನದಲ್ಲಿ. ಹದಿನಾರನೆಯ ವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡರು. ಸಂಸಾರದ ಭಾರ ಎಳೆಯ ಹೆಗಲ ಮೇಲೆ ಬಿತ್ತು. ಕೆಲಸವನ್ನರಸಿ ಮಂಗಳೂರು ಸೇರಿ, ತಿಂಗಳಿಗೆ 8 ರೂಪಾಯಿ ಸಂಬಳದ ಉಪಾಧ್ಯಾಯರಾದರು. ದುಡಿಯುತ್ತಲೇ ಓದಿ ವಕೀಲರೂ ಆದರು. ಮುಂದೆ ಹಾಯಾಗಿ ಇರಬಹುದಾಗಿತ್ತು.

ಆ ಕಾಲದಲ್ಲಿ ದಲಿತ ಮಕ್ಕಳಿಗೆ ಶಾಲೆಯ ಜಗಲಿಯೂ ದೂರ. 1892ರಲ್ಲಿ ರಂಗರಾಯರು ಮಂಗಳೂರಿನ ಉರ್ವ ಚಿಲಿಂಬಿಯಲ್ಲಿ ಅವರಿಗಾಗಿಯೇ ಒಂದು ಶಾಲೆ ತೆರೆದರು. ಬಾಗಿಲು ತೆರೆದ ಮಾತ್ರಕ್ಕೆ ಮಕ್ಕಳು ಬರುತ್ತಾರೆಯೇ? ಕೂಲಿಯ ಮನೆಯಲ್ಲಿ ಮಗುವಿನ ದುಡಿಮೆಗೂ ಲೆಕ್ಕವುಂಟು. ಮಗು ಶಾಲೆಗೆ ಬಂದರೆ ಆ ದಿನದ ಗಂಜಿಗೆ ಸಂಚಕಾರ. ರಂಗರಾಯರು ಇದಕ್ಕಾಗಿ ತಾಯಿತಂದೆಯರನ್ನು ದೂರಲಿಲ್ಲ. ಶಾಲೆಗೆ ಬಂದ ಮಗುವಿಗೆ ದಿನಕ್ಕೆ ಎರಡು ಪೈಸೆ ಕೊಟ್ಟರು, ಮಧ್ಯಾಹ್ನ ಊಟವಿಟ್ಟರು. ಹಸಿದ ಹೊಟ್ಟೆಗೆ ಕಾಗುಣಿತ ಹತ್ತುವುದಿಲ್ಲವೆಂದು ಪಾಠ ಹೇಳುವ ನಮಗೆಲ್ಲ ಗೊತ್ತು; ಆದರೆ ಗೊತ್ತಿದ್ದು ಅನ್ನ ಬಡಿಸಿದವರು ಅಂದು ಎಷ್ಟು ಮಂದಿ?

ಸ್ವಜಾತಿಯವರು ಅವರಿಗೆ ಬಹಿಷ್ಕಾರ ಹಾಕಿದರು. ಅವರು ಬಗ್ಗಲಿಲ್ಲ. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆಯನ್ನೇ ಕಟ್ಟಿ ಶಾಲೆಗಳನ್ನು ಹೆಚ್ಚಿಸಿದರು. ಅಕ್ಷರದ ಜೊತೆಗೆ ನೇಯ್ಗೆ, ಮರಗೆಲಸಗಳನ್ನೂ ಕಲಿಸುವ ಏರ್ಪಾಡಾಯಿತು. ಇದು ಬರಿಯ ಕಸುಬಿನ ಮಾತಲ್ಲ ಎಂದು ನನ್ನ ಎಣಿಕೆ. ಹುಟ್ಟಿದಂದಿನಿಂದ ಮುಟ್ಟಬಾರದವನು, ಕೆಲಸಕ್ಕೆ ಬಾರದವನು ಎಂದೇ ಕೇಳಿಸಿಕೊಂಡ ಹುಡುಗ ತಾನೇ ನೇಯ್ದ ಬಟ್ಟೆಯನ್ನು ಕೈಯಲ್ಲಿ ಹಿಡಿದು ನೋಡಿದಾಗ ಅವನ ಬೆನ್ನು ನೆಟ್ಟಗಾಗದೆ ಇದ್ದೀತೆ? ಅಪಮಾನವನ್ನು ನುಂಗಿಕೊಳ್ಳುವುದನ್ನಲ್ಲ, ಅದರೆದುರು ನಿಲ್ಲುವುದನ್ನು ಆ ಮಕ್ಕಳು ಕಲಿಯಬೇಕಾಗಿತ್ತು. ಕಲಿತ ಹುಡುಗರು ಒಳ್ಳೆಯ ಹುದ್ದೆಗೇರಿ, ತಮ್ಮೂರ ರಸ್ತೆಯಲ್ಲಿ ವಾಹನದಲ್ಲಿ ಹೋಗುವಾಗ ಏಳುವ ಧೂಳು ತನ್ನ ತಲೆಗೆ ತಾಗಬೇಕೆಂಬುದು ರಂಗರಾಯರ ಆಸೆಯಾಗಿತ್ತು.

ಕೊನೆಗಾಲದಲ್ಲಿ ಸಂನ್ಯಾಸ ಸ್ವೀಕರಿಸಿ ಈಶ್ವರಾನಂದರೆನಿಸಿದರು. 1928ರ ಜನವರಿ 30ರಂದು ತೀರಿಕೊಂಡರು. ಊರಿನ ಮಲ ಹೊರುವ ತೋಟಿಗಳೇ ತಮ್ಮ ದೇಹವನ್ನು ಹೊರಬೇಕೆಂದು ಮೊದಲೇ ತಿಳಿಸಿಟ್ಟಿದ್ದರು.